ಲಾಟದೇಶದ ಬೌದ್ಧ ಕುರುಹುಗಳು: ಪ್ರತಿಮೆ ಮತ್ತು ಲಿಖಿತ

ವಜ್ರದ ಕೆಲಸಕ್ಕೆ ಹೆಸರಾದ ವರಾಛಾವನ್ನು ಒಳಗೊಂಡ ಸೂರತ್ ಪರಿಸರವು ಪ್ರಾಚೀನ ಲಾಟದೇಶದ ಭಾಗ. ಒಂಬತ್ತನೆಯ ಶತಮಾನದಲ್ಲಿ ಇದನ್ನು ಆಳಿದವರು ಮಾನ್ಯಖೇಟದ ರಾಷ್ಟ್ರಕೂಟರ ಶಾಖೆಯವರು. ಮೂರನೆಯ ಗೋವಿಂದನ ತಮ್ಮ ಇಂದ್ರನು ಈ ಶಾಖೆಯ ಮೂಲಪುರುಷ. ಕನ್ನಡನಾಡಿನ ಅರಸುಮನೆತನವೊಂದು ಇಲ್ಲಿ ಬೌದ್ಧಧರ್ಮಕ್ಕೆ ನೀಡಿದ ಆಶ್ರಯವು ನಮ್ಮ ಚರಿತ್ರೆಗ್ರಂಥಗಳಲ್ಲಿ ತಕ್ಕಷ್ಟು ಗಮನ ಪಡೆದಿಲ್ಲ.

ಇಂದ್ರನ ಮಗ ಕರ್ಕ ಸುವರ್ಣವರ್ಷನು ಶಕ 743ರಲ್ಲಿ (ಕ್ರಿ.ಶ. 821) ನಾಗಸಾರಿಕೆಯ, ಅಂದರೆ ಇಂದಿನ ನವಸಾರಿಯ, ಜೈನ ಸಂಸ್ಥೆಗೆ ಭೂಮಿಯನ್ನಿತ್ತನು. ಅದೇ ಶಾಖೆಯ ದಂತಿವರ್ಮನು ಶಕ 789ರಲ್ಲಿ (ಕ್ರಿ.ಶ. 867) ಕಾಂಪಿಲ್ಯದ ಬೌದ್ಧ ವಿಹಾರಕ್ಕೆ ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಆಗ ಮಾನ್ಯಖೇಟದಲ್ಲಿ ಅಮೋಘವರ್ಷನು ಆಳುತ್ತಿದ್ದನು. ಇಂತಹ ತಾಮ್ರಪಟಗಳು ದಾನಿಯ ಪೂರ್ವಜರ ವಂಶಾವಳಿಯಿಂದ ತೊಡಗಿ, ತಂದೆತಾಯಿಗಳ ಪುಣ್ಯಾಭಿವೃದ್ಧಿಯನ್ನು ದಾನದ ಉದ್ದೇಶವೆಂದು ಹೇಳುವುದು ರೂಢಿ. ಹೀಗೆ ಪಿತೃಸ್ಮರಣೆಯೂ ಸಂಘಸೇವೆಯೂ ಒಂದೇ ಪಟದಲ್ಲಿ ಕೂಡಿವೆ.

ಉತ್ತರ ಗುಜರಾತಿನ ಶಾಮಲಾಜಿಯ ಬಳಿಯ ದೇವನಿಮೋರಿಯಲ್ಲಿ ಶಿಲ್ಪ ಮತ್ತು ಬರಹ ಒಟ್ಟಿಗೆ ದೊರೆತವು. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯವು 1960ರಿಂದ 1963ರವರೆಗೆ ನಡೆಸಿದ ಉತ್ಖನನದಲ್ಲಿ ಇಟ್ಟಿಗೆಯ ಸ್ತೂಪ, ಸುಟ್ಟಮಣ್ಣಿನ ಬುದ್ಧಪ್ರತಿಮೆಗಳು ಹಾಗೂ ಶಾಸನವುಳ್ಳ ಧಾತುಕರಂಡಕ ಬೆಳಕಿಗೆ ಬಂದವು. ಕರಂಡಕದಲ್ಲಿ ಕಥಿಕ ರಾಜರ 127ನೆಯ ವರ್ಷದ ಉಲ್ಲೇಖವಿದೆ. ಇದನ್ನು ಶಕವರ್ಷವೆಂದರೆ ಕ್ರಿ.ಶ. 205 ಆಗುತ್ತದೆ, ಕಲಚೂರಿ ಶಕೆಯೆಂದರೆ ನಾಲ್ಕನೆಯ ಶತಮಾನದ ಉತ್ತರಾರ್ಧ. ಪಶ್ಚಿಮ ಭಾರತದ ಬುದ್ಧಪ್ರತಿಮೆಗಳ ಕಾಲಾನುಕ್ರಮವು ಬಹುಮಟ್ಟಿಗೆ ಈ ಒಂದು ನಿರ್ಣಯವನ್ನು ಅವಲಂಬಿಸಿದೆ.

ಪ್ರತಿಮೆಯೊಡನೆ ಬರಹವನ್ನಿಡುವ ಪದ್ಧತಿ ಚೀನಾದಲ್ಲಿಯೂ ಕಂಡುಬರುತ್ತದೆ. ಅಲ್ಲಿನ ಹುನಾನ್ ಪ್ರಾಂತದ ಮರದ ಪೂರ್ವಜ ಹಾಗೂ ದೇವತಾ ವಿಗ್ರಹಗಳ ಬೆನ್ನಿನ ಪೊಳ್ಳಿನಲ್ಲಿ ಗಿಡಮೂಲಿಕೆಗಳೊಡನೆ ಕಾಗದವೊಂದನ್ನು ಇಡುತ್ತಿದ್ದರು. ಮಾಡಿಸಿದವನ ಹೆಸರು, ಊರು, ತಿಥಿ, ಸಂಕಲ್ಪಗಳು ಅದರಲ್ಲಿರುತ್ತವೆ. ವಿಗ್ರಹ ಮಾರಾಟಕ್ಕೆ ಬಂದು ಆ ಕಾಗದ ಕಳೆದರೆ, ಒಂದು ಮನೆತನದ ಹಿರಿಯನು ಬರಿಯ ಅಲಂಕಾರದ ವಸ್ತುವಾಗುತ್ತಾನೆ. ಮಂಗಳೂರಿನ ಕದ್ರಿಯ ಲೋಕೇಶ್ವರನಿಗೆ ಈ ಗತಿ ಒದಗಲಿಲ್ಲ. ಆಳುಪ ಅರಸ ಕುಂದವರ್ಮನ ಕ್ರಿ.ಶ. 968ರ ಶಾಸನವು ಪೀಠದ ಮೇಲೆಯೇ ಇರುವುದರಿಂದ ಅಲ್ಲಿದ್ದ ಕದರಿಕಾ ವಿಹಾರದ ನೆನಪು ಉಳಿದಿದೆ.

ಕಾಂಪಿಲ್ಯ ವಿಹಾರದ ದಾನವನ್ನು ನಮಗೆ ತಿಳಿಸುವುದು ತಾಮ್ರಪಟ. ಅದಿಲ್ಲದಿದ್ದರೆ ರಾಷ್ಟ್ರಕೂಟರ ಲಾಟವನ್ನು ಜೈನ ಮತ್ತು ವೈದಿಕ ದತ್ತಿಗಳ ನಾಡೆಂದಷ್ಟೇ ಬಗೆಯುತ್ತಿದ್ದೆವು. ಆದ್ದರಿಂದ ಬಿಡಿ ಪ್ರತಿಮೆಯೊಂದು ದೊರೆತಾಗ ಅದರ ಚೆಲುವನ್ನು ವರ್ಣಿಸುವ ಮೊದಲು ದೊರೆತ ನೆಲೆ, ಪೀಠ, ಜೊತೆಯ ಲಿಖಿತಗಳನ್ನು ದಾಖಲಿಸುವುದು ಸಂಶೋಧಕನ ಮೊದಲ ಕರ್ತವ್ಯ.