ಉಬ್ಬುಹಲ್ಲು ಮತ್ತು ಓಷ್ಠ್ಯಾಕ್ಷರಗಳು

ನಮ್ಮ ವಿಜಯನಗರದ ಮನೆಯ ಹಳೆಯ ಟ್ರಂಕಿನಲ್ಲಿ 1979ರ ಎಂಟನೆಯ ತರಗತಿಯ ಗ್ರೂಪ್ ಫೋಟೋ ಒಂದಿದೆ. ಮೊನ್ನೆ ಅದನ್ನು ಕಂಡ ಮೊಮ್ಮಗಳು, "ತಾತ, ಈ ಹುಡುಗಿ ಯಾಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಾಳೆ?" ಎಂದು ಕೇಳಿದಳು. ಕೇಳಿದವಳ ಬಾಯಲ್ಲೂ ಮೇಲೊಂದು ಕೆಳಗೊಂದು ಪ್ಲೇಟು ಇದ್ದುದರಿಂದ ಮಾತು ತುಸು ತೊದಲುತ್ತಿತ್ತು.

ಆ ಹುಡುಗಿಗೆ ಉಬ್ಬುಹಲ್ಲು. ರಾಜಾಜಿನಗರದ ಶಾಲೆಯೊಂದರಲ್ಲಿ ನಾನಾಗ ಕನ್ನಡ ಅಧ್ಯಾಪಕ. ಅಕ್ಷರಗಳ ಉತ್ಪತ್ತಿಸ್ಥಾನಗಳನ್ನು ಹೇಳಿಕೊಡುತ್ತ, ತುಟಿಗೆ ತುಟಿ ಸೇರಿದರೇ ಪ, ಫ, ಬ, ಭ, ಮ ಹುಟ್ಟುವುದೆಂದು ತೋರಿಸಲು ಅವಳನ್ನು ಎಬ್ಬಿಸಿ ನಿಲ್ಲಿಸಿದೆ. ಅವಳ ತುಟಿಗಳು ಕೂಡಲಿಲ್ಲ. ಕೆಳತುಟಿ ಹಲ್ಲಿಗೇ ತಾಗಿತು. ತರಗತಿ ನಕ್ಕಿತು. ನಾನೂ ನಕ್ಕೆ. ಫೋಟೋ ತೆಗೆದದ್ದು ಅದಾದ ಕೆಲವು ವಾರಗಳ ಮೇಲೆ.

ಉಬ್ಬುಹಲ್ಲು ಹಣೆಬರಹ, ಅದಕ್ಕೆ ಮಾಡುವಂಥದ್ದೇನೂ ಇಲ್ಲವೆಂದು ನಾವೆಲ್ಲ ನಂಬಿದ್ದ ಕಾಲ ಅದು. ಈಗ ಮೊಮ್ಮಗಳ ನೆಪದಲ್ಲಿ ಓದಿ ನೋಡಿದರೆ, ಕೆಳದವಡೆಯನ್ನು ಮುಂದಕ್ಕೆ ತರುವ ಪ್ಲೇಟನ್ನು ಅಮೆರಿಕದ ನಾರ್ಮನ್ ಕಿಂಗ್ಸ್ಲೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರೂಪಿಸಿದ್ದರು. 1899ರಲ್ಲಿ ಎಡ್ವರ್ಡ್ ಆಂಗಲ್ ದಂತಪಂಕ್ತಿಯ ದೋಷಗಳನ್ನು ವರ್ಗೀಕರಿಸಿದಾಗ, ಇಂತಹ ಬಾಯಿಗೆ ಎರಡನೆಯ ವರ್ಗದಲ್ಲಿ ಸ್ಥಾನ ಕೊಟ್ಟರು.

ನನಗೆ ಬಹಳ ಹಿಡಿಸಿದ್ದು ಡೆನ್ಮಾರ್ಕಿನ ವಿಗ್ಗೊ ಆಂಡ್ರೆಸೆನ್ ಅವರ ಪ್ರಸಂಗ. 1908ರ ಸುಮಾರಿಗೆ, ಮಗಳು ಬೇಸಿಗೆ ರಜೆಗೆ ಹೊರಟಾಗ ಹಲ್ಲಿನ ತಂತಿಗಳನ್ನು ಬಿಚ್ಚಿ, ರಾತ್ರಿ ಧರಿಸಲು ಸಡಿಲವಾದ ಪ್ಲೇಟೊಂದನ್ನು ಅವರು ಕೊಟ್ಟರಂತೆ. ರಜೆ ಮುಗಿಸಿ ಬಂದವಳ ಹಲ್ಲುಗಳ ಹೊಂದಾಣಿಕೆ ಕಂಡು ತಂದೆಗೇ ಅಚ್ಚರಿ! ಪ್ಲೇಟು ಕೆಳದವಡೆಯನ್ನು ಮುಂದೆ ಹಿಡಿದಿತ್ತು; ಅದನ್ನು ಹಿಂದಕ್ಕೆಳೆಯುವ ಸ್ನಾಯುಗಳ ಬಲವೇ ಹಲ್ಲುಗಳನ್ನು ಸರಿಸಿತ್ತು.

ಮೊಮ್ಮಗಳದು ಇದೇ ವಂಶದ ಟ್ವಿನ್ ಬ್ಲಾಕ್. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ, ಬಿದ್ದು ಮುಂದಿನ ಹಲ್ಲು ಕಳಚಿಕೊಂಡಿದ್ದ ಬಾಲಕನೊಬ್ಬನಿಗಾಗಿ ಇದನ್ನು ಮೊದಲು ಮಾಡಿದರು. (ಉಬ್ಬುಹಲ್ಲಿನ ಮಕ್ಕಳು ಆಟದ ಬಯಲಲ್ಲಿ ಬಿದ್ದರೆ ಮೊದಲು ಪೆಟ್ಟಾಗುವುದು ಅಲ್ಲಿಗೇ.) ಎರಡೂ ಪ್ಲೇಟುಗಳಲ್ಲಿ ಇಳಿಜಾರಾದ ಉಬ್ಬುಗಳಿವೆ. ಬಾಯಿ ಮುಚ್ಚಿದಾಗ ಅವು ಒಂದಕ್ಕೊಂದು ತಾಗಿ ಕೆಳದವಡೆ ಮುಂದಕ್ಕೆ ಜಾರುತ್ತದೆ. ಇದರಿಂದ ದವಡೆಯ ಮೂಳೆ ಬೆಳೆಯುವುದು ಅಲ್ಪ, ಹಲ್ಲುಗಳು ಸರಿಯುವುದೇ ಹೆಚ್ಚೆಂದು ಈಚಿನ ಅಧ್ಯಯನಗಳು ಹೇಳುತ್ತವೆ. ಆದರೂ ಮೈ ಭರದಿಂದ ಬೆಳೆಯುವ ವಯಸ್ಸೇ ಇದಕ್ಕೆ ಪ್ರಶಸ್ತ. ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ಒಂದೆರಡು ಹಲ್ಲು ಕೀಳಿಸಿ ತಂತಿಯಿಂದ ಹಿಂದಕ್ಕೆಳೆಯಬೇಕು, ದೋಷ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆಯೇ ಆಗಬೇಕು.

ಮೈ ಭರದಿಂದ ಬೆಳೆಯುವ ವಯಸ್ಸೆಂದರೆ ಏಳು, ಎಂಟನೆಯ ತರಗತಿ. ಅಂದರೆ ಮಕ್ಕಳು ದಿನವೂ ನನ್ನ ಕಣ್ಣೆದುರು ಕುಳಿತಿರುತ್ತಿದ್ದ ವರ್ಷಗಳು.

ನಮ್ಮೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಕೋಟೆಯ ಬಳಿ ಆರಂಭವಾದದ್ದು 1958ರಲ್ಲಿ. ಅವಳು ಎಂಟನೆಯ ತರಗತಿಯಲ್ಲಿದ್ದಾಗ ಅದಕ್ಕೆ ಇಪ್ಪತ್ತೊಂದು ವರ್ಷ. ರಾಜಾಜಿನಗರದಿಂದ ಸಿಟಿ ಮಾರ್ಕೆಟ್ಟಿಗೆ ಬಸ್ಸು ಹತ್ತಿದ್ದರೆ ಸಾಕಿತ್ತು. ಅವಳ ತಂದೆ ಕಾರ್ಖಾನೆಯ ಕೆಲಸಗಾರರು. ಅವರಿಗೆ ತಿಳಿಯದಿದ್ದುದು ಸಹಜ. ನಾನಾದರೂ ವಿಚಾರಿಸಬಹುದಿತ್ತು. 1992ರಲ್ಲಿ ಕೆಂಗೇರಿಯಾಚೆ ಮೈಸೂರು ರಸ್ತೆಯಲ್ಲಿ ರಾಜರಾಜೇಶ್ವರಿ ದಂತ ಕಾಲೇಜು ಬಂತು. ಬಡಾವಣೆಗಳಲ್ಲಿ ದಂತವೈದ್ಯರ ಬೋರ್ಡುಗಳು ಹೆಚ್ಚಿದವು. 'ಹಲ್ಲಿಗೆ ಕ್ಲಿಪ್ ಹಾಕಿಸಿದ್ದೇವೆ' ಎಂಬುದು ಮನೆಮಾತಾಯಿತು. ನಾನು ನಿವೃತ್ತನಾಗುವ ಹೊತ್ತಿಗೆ ಬಣ್ಣಬಣ್ಣದ ರಬ್ಬರು ಹಾಕಿಸಿಕೊಂಡು ಮೆರೆಯುವ ಮಕ್ಕಳೂ ಇದ್ದರು.

ಮೊಮ್ಮಗಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಪ್ಲೇಟು ತೆಗೆದು ಡಬ್ಬಿಯಲ್ಲಿಟ್ಟು, ಕನ್ನಡಿಯ ಮುಂದೆ ನಿಂತು ಪ, ಫ, ಬ, ಭ, ಮ ಎಂದು ಹೇಳಿ ನೋಡಿಕೊಂಡಳು. ನಗಲಿಲ್ಲ.

ಆ ವರ್ಷದ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೆಸರು ನಾನು ಬರೆಯದಿದ್ದರೂ ನಿಮಗೆ ತಿಳಿಯುತ್ತದೆ. ಅವಳು ಈಗ ಎಲ್ಲಿದ್ದಾಳೆಂದು ದಯವಿಟ್ಟು ನನಗೆ ತಿಳಿಸಿ.