ಒಂದು ಹಳೇ ಗಾಡಿ, ಮೂರು ಚರಿತ್ರೆ

ನಮ್ಮ ಬೀದರ್ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದವರು ಮೊದಲು ಕೇಳೋದು ಎರಡೇ ಪ್ರಶ್ನೆ. ‘ಎಷ್ಟ್ ಓಡ್ಯಾದ?’, ‘ಎವರೇಜ್ ಎಷ್ಟ್ ಕೊಡ್ತದ?’ ಎರಡಕ್ಕೂ ಮಾರುವವನ ಹತ್ತಿರ ಸಿದ್ಧ ಉತ್ತರ ಇರುತ್ತದೆ. ಮೀಟರ್ ತಿರುಗಿಸಬಹುದು, ಎವರೇಜ್ ಬಾಯಲ್ಲಿ ಹೇಳಬಹುದು. ಆದರೆ ಯಾವ ಮಾಲೀಕನೂ ತಿದ್ದಲಾಗದ ಒಂದು ಸಂಗತಿ ಗಾಡಿಯ ಜತೆ ಬರುತ್ತದೆ. ಅದು ಯಾವ ಕಾಲದಲ್ಲಿ, ಯಾಕೆ ಹುಟ್ಟಿತು, ಯಾವ ಗಡಿ ದಾಟಿ ಇಲ್ಲಿಗೆ ಬಂತು ಅನ್ನೋ ಚರಿತ್ರೆ. ಅದನ್ನು ಓದೋಕೆ ಬಂದರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ.

ಈ ಮಾತು ಈಗ ಯಾಕೆ ಅಂದರೆ, ಔರಾದ್ ತಾಲೂಕಿನಲ್ಲಿ ಒಕ್ಕಲುತನ ಮಾಡಿಕೊಂಡಿರುವ ನನ್ನ ದೊಡ್ಡಪ್ಪನ ಮಗ ಒಂದು ಹಳೇ ಡರ್ಟ್ ಬೈಕ್ ಮೇಲೆ ಕಣ್ಣಿಟ್ಟಿದ್ದಾನೆ. 2012ರ ಹೀರೋ ಇಂಪಲ್ಸ್. ಫೋರ್ ಸ್ಟ್ರೋಕ್, 150 ಸಿಸಿ, ಉದ್ದನೆಯ ಶಾಕ್, ಮೇಲಕ್ಕೆ ಎತ್ತಿದ ಮಡ್‌ಗಾರ್ಡ್. ನಂಬರ್ ಪ್ಲೇಟ್ ಎಂಎಚ್ 24, ಅಂದರೆ ಲಾತೂರ್. ‘ಅಣ್ಣಾ, ನೀ ಇಂಜಿನಿಯರ್ ಇದ್ದಿ. ತಗೊಬೇಕೋ ಬ್ಯಾಡೋ, ಒಂದ್ ಮಾತ್ ಹೇಳು’ ಅಂತ ಫೋನ್. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೆ ಊರಲ್ಲಿ ಬಿಇ ಅಂದರೆ ಮಿಕ್ಸರ್‌ನಿಂದ ಟ್ರ್ಯಾಕ್ಟರ್ ತನಕ ಎಲ್ಲಾ ಗೊತ್ತಿರಬೇಕು. ಅವನ ಮಟ್ಟಿಗೆ ಇದು ಶೋಕಿಯ ಮಾತಲ್ಲ. ಒಂದು ಹಂಗಾಮಿನ ಸೋಯಾಬೀನ್ ಮಾರಿ ಉಳಿಸಿದ ದುಡ್ಡು ಇದರಲ್ಲಿ ಹೋಗುತ್ತದೆ. ದಿನಾ ಬೆಳಿಗ್ಗೆ ಎರಡು ಕ್ಯಾನ್ ಹಾಲು ಹೊಲದ ಮನೆಯಿಂದ ಡಾಂಬರ್ ರೋಡಿಗೆ ಮುಟ್ಟಬೇಕು. ಮುಟ್ಟದ ದಿನ ಹಾಲೂ ಹೋಯಿತು, ಕೂಲಿಯೂ ಹೋಯಿತು.

ಬೆಂಗಳೂರಿನಲ್ಲಿ ಕುಳಿತು ‘ಸ್ಪ್ಲೆಂಡರ್ ಸಾಕಲ್ವಾ?’ ಅನ್ನೋದು ಸುಲಭ. ಅದಕ್ಕೆ ಉತ್ತರ ಮಣ್ಣಿನಲ್ಲಿದೆ. ಬೀದರ್ ಶಹರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಅದೇ ಕೆಂಪು ಕಲ್ಲನ್ನು ಕೊರೆದೇ ಬಹಮನಿ ಕಾಲದವರು ನೌಬಾದ್ ಹತ್ತಿರ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗ ಮಾಡಿದ್ದು. ಈ ಕಲ್ಲು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಮಳೆ ನಿಂತ ಮೇಲೆ ದಾರಿ ಬೇಗ ಒಣಗುತ್ತದೆ. ಶಹರ ದಾಟಿ ಭಾಲ್ಕಿ, ಔರಾದ್ ಕಡೆ ಇಳಿದರೆ ಕಥೆ ಬೇರೆ. ಮಾಂಜ್ರಾ, ಕಾರಂಜಾ ನದಿಗಳ ಸೀಮೆಯ ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬಿ ಅಂಟಿಕೊಳ್ಳುವ ರಾಡಿ. ಮಾಮೂಲಿ ಬೈಕಿನ ಮುಂದಿನ ಮಡ್‌ಗಾರ್ಡ್ ಟೈರಿಗೆ ಬೆರಳೆರಡು ಅಂತರದಲ್ಲಿ ಇರುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಆ ಸಂದಿಗೆ ಎರೆ ಮಣ್ಣು ತುಂಬಿ ಗಾಲಿ ತಿರುಗೋದೇ ನಿಲ್ಲುತ್ತದೆ. ಕಡ್ಡಿ ತಗೊಂಡು ಕೆದರಬೇಕು, ಮತ್ತೆ ಹತ್ತು ಮಾರು. ಡರ್ಟ್ ಬೈಕಿನ ಎತ್ತರದ ಮಡ್‌ಗಾರ್ಡ್ ಇರೋದು ಇದಕ್ಕೇ, ಸ್ಟೈಲಿಗೆ ಅಲ್ಲ. ಹೀಗಾಗಿ ಹುಡುಗನ ಆಸೆ ತಪ್ಪಲ್ಲ. ಅದನ್ನು ಒಪ್ಪಿಕೊಂಡೇ ಲೆಕ್ಕ ಶುರು ಮಾಡಬೇಕು.

ಮೊದಲನೆಯ ಚರಿತ್ರೆ ಇಂಜಿನ್‌ನದು. 1876ರಲ್ಲಿ ಜರ್ಮನಿಯ ನಿಕೋಲಸ್ ಒಟ್ಟೊ ಓಡಿಸಿ ತೋರಿಸಿದ ನಾಲ್ಕು ಹಂತಗಳ ಲೆಕ್ಕವೇ ಇವತ್ತಿಗೂ ಫೋರ್ ಸ್ಟ್ರೋಕ್ ಇಂಜಿನ್‌ನ ಆತ್ಮ. ಹೀರು, ಒತ್ತು, ಉರಿಸು, ಹೊರಹಾಕು. ನಾಲ್ಕು ಕೆಲಸಕ್ಕೆ ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಟೂ ಸ್ಟ್ರೋಕ್ ಇದನ್ನೆಲ್ಲ ಒಂದೇ ಸುತ್ತಿನಲ್ಲಿ ಮುಗಿಸುತ್ತದೆ. ಅದರಲ್ಲಿ ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಬಿಚ್ಚಿ ಕಟ್ಟುವುದು ಸುಲಭ. ಹಗುರ, ಜೋರು. ಆದರೆ ಪೆಟ್ರೋಲ್ ಜತೆ ಆಯಿಲ್ ಕೂಡ ಸುಡುತ್ತದೆ, ಉರಿಯದ ಪೆಟ್ರೋಲ್ ಹೊಗೆಯ ಜತೆ ಹೊರಗೆ ಹೋಗುತ್ತದೆ.

ನಮ್ಮ ರಾಜ್ಯದ ಹೆಮ್ಮೆಯ ಬೈಕ್ ಟೂ ಸ್ಟ್ರೋಕೇ ಆಗಿತ್ತು. 1960ರ ದಶಕದ ಆರಂಭದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜಾವಾ ಬೈಕುಗಳನ್ನು ಹೊರತಂದಿತು. 1970ರ ದಶಕದಿಂದ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಅನ್ನೋ ಹೆಸರು ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಫೋರ್ ಸ್ಟ್ರೋಕ್ ಆಗ ಇರಲೇ ಇಲ್ಲ ಅಂತಲ್ಲ. 1955ರಿಂದಲೇ ಮದ್ರಾಸಿನಲ್ಲಿ ಬುಲೆಟ್ ತಯಾರಾಗುತ್ತಿತ್ತು. ಆದರೆ ಬುಲೆಟ್ ಪೊಲೀಸರದ್ದು, ಮಿಲಿಟರಿಯದ್ದು, ಸಾಹುಕಾರರದ್ದು. ಸಾಮಾನ್ಯನ ಅಂಗಳಕ್ಕೆ ಫೋರ್ ಸ್ಟ್ರೋಕ್ ತಂದಿದ್ದು 1985ರ ಹೀರೋ ಹೋಂಡಾ ಸಿಡಿ 100. ಪೆಟ್ರೋಲ್ ತುಂಬಿಸಿ ಮುಚ್ಚಳ ಹಾಕಿ ಮರೆತುಬಿಡಿ ಅನ್ನೋ ಅರ್ಥದ ಅದರ ಜಾಹೀರಾತು ದೇಶದ ಬಾಯಿಪಾಠ ಆಯಿತು. ‘ಎವರೇಜ್ ಎಷ್ಟ್ ಕೊಡ್ತದ?’ ಅನ್ನೋ ಪ್ರಶ್ನೆ ನಮ್ಮೂರಿನ ಕುಶಲೋಪರಿ ಆಗಿದ್ದೂ ಅಲ್ಲಿಂದಲೇ ಇರಬೇಕು. ಅದೇ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಟೂ ಸ್ಟ್ರೋಕಿನ ಕೊನೆಯ ವೈಭವ. ಆಮೇಲೆ ಹೊಗೆಯ ಕಾನೂನು ಒಂದೊಂದಾಗಿ ಬಿಗಿಯಾಗಿ, 2000ದ ದಶಕದಲ್ಲಿ ಟೂ ಸ್ಟ್ರೋಕ್ ಬೈಕುಗಳು ಶೋರೂಮಿನಿಂದ ಮರೆಯಾದವು.

ಡರ್ಟ್ ಬೈಕ್ ಲೋಕದಲ್ಲಿ ಇದೇ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1979ರಲ್ಲಿ ಮೊದಲ ಪ್ಯಾರಿಸ್–ಡಕಾರ್ ರ್‍ಯಾಲಿಯನ್ನು ಸಹಾರಾ ದಾಟಿ ಗೆದ್ದಿದ್ದು ಯಮಹಾ ಎಕ್ಸ್‌ಟಿ 500. ಒಂದೇ ಸಿಲಿಂಡರಿನ, ಸರಳವಾದ ಫೋರ್ ಸ್ಟ್ರೋಕ್. ಅದೇ ರ್‍ಯಾಲಿಯನ್ನು 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಪೂರ್ತಿ ಮುಗಿಸಿ, ಹಾಗೆ ಮಾಡಿದ ಮೊದಲ ಭಾರತೀಯ ಅನಿಸಿಕೊಂಡರು. ಆದರೆ ಮೋಟೋಕ್ರಾಸ್ ಟ್ರ್ಯಾಕಿನಲ್ಲಿ 90ರ ದಶಕದ ತನಕ ಟೂ ಸ್ಟ್ರೋಕೇ ರಾಜ. 1998ರ ಮಾಡೆಲ್ ಆಗಿ ಬಂದ ಯಮಹಾದ ವೈಝಡ್ 400 ಎಫ್ ಆ ರಾಜ್ಯವನ್ನು ಉರುಳಿಸಿತು. ಅದು ರೇಸಿಗಾಗಿಯೇ ಕಟ್ಟಿದ, ಅತಿ ವೇಗದಲ್ಲಿ ತಿರುಗುವ ಫೋರ್ ಸ್ಟ್ರೋಕ್. ಅಂಥ ಇಂಜಿನ್‌ಗಳ ಆಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯೋದಿಲ್ಲ, ಗಂಟೆಗಳಲ್ಲಿ ಅಳೆಯುತ್ತಾರೆ. ಇಷ್ಟು ಗಂಟೆಗೆ ಪಿಸ್ಟನ್, ಇಷ್ಟು ಗಂಟೆಗೆ ವಾಲ್ವ್. ಮಾಲೀಕ ಅದನ್ನು ಮುಂದೂಡಿದ್ದರೆ ಕೊಂಡವನ ಜೇಬಿಗೆ ಬೆಂಕಿ.

ಈ ಭೇದ ಯಾಕೆ ಮುಖ್ಯ ಅಂದರೆ, ‘ಹಳೇ ಫೋರ್ ಸ್ಟ್ರೋಕ್ ಡರ್ಟ್ ಬೈಕ್ ಮುಟ್ಟಲೇಬೇಡಿ’ ಅಂತ ಅಮೆರಿಕದವರು ಹೇಳುವ ಬುದ್ಧಿಮಾತು ಇದೆಯಲ್ಲ, ಅದು ಆ ರೇಸ್ ಇಂಜಿನ್‌ಗಳ ಬಗ್ಗೆ. ಅಂಥ ಬೈಕಿಗೆ ನಮ್ಮಲ್ಲಿ ರಸ್ತೆಯ ನೋಂದಣಿಯೇ ಸಿಗೋದಿಲ್ಲ, ಟ್ರ್ಯಾಕಿಗೆ ಮಾತ್ರ. ಇಂಪಲ್ಸ್ ಆ ಜಾತಿಯದಲ್ಲ. ಅದು ಎಕ್ಸ್‌ಟಿ 500ರ ಕಡೆಯ ದೂರದ ಬಡ ಸಂಬಂಧಿ. ಸುಮಾರು 13 ಹಾರ್ಸ್‌ಪವರಿನ ಶಾಂತ ಇಂಜಿನ್‌ಗೆ ಉದ್ದ ಕಾಲು ಕೊಟ್ಟ ಗಾಡಿ. ಆಯಿಲ್ ಸರಿಯಾಗಿ ಬದಲಿಸುತ್ತಾ ಬಂದಿದ್ದರೆ 2012ರ ಇಂಜಿನ್ ಅಂತ ಹೆದರಬೇಕಿಲ್ಲ. ಬದಲಿಸಿಲ್ಲದಿದ್ದರೆ ಮೊದಲು ಕ್ಯಾಮ್, ವಾಲ್ವ್, ಟೈಮಿಂಗ್ ಚೈನ್ ಸೊರಗುತ್ತವೆ.

ಎರಡನೆಯ ಚರಿತ್ರೆ ಕಂಪನಿಯದು. 1984ರಲ್ಲಿ ಕೈಜೋಡಿಸಿದ ಹೀರೋ ಮತ್ತು ಹೋಂಡಾ 2010ರ ಡಿಸೆಂಬರಿನಲ್ಲಿ ಬೇರೆಯಾಗುವುದಾಗಿ ಹೇಳಿದವು. 2011ರಲ್ಲಿ ಹೀರೋ ಮೋಟೋಕಾರ್ಪ್ ಅನ್ನೋ ಹೊಸ ಹೆಸರು ಬಂತು, ಅದೇ ವರ್ಷ ಇಂಪಲ್ಸ್ ಮಾರುಕಟ್ಟೆಗೆ ಇಳಿಯಿತು. ಹೆಸರು ಹೀರೋದ್ದಾದರೂ ರಕ್ತ ಹೋಂಡಾದ್ದು. ಬ್ರೆಜಿಲ್‌ನಲ್ಲಿ ಹೋಂಡಾ ಮಾರುತ್ತಿದ್ದ ಎನ್‌ಎಕ್ಸ್‌ಆರ್ 150 ಬ್ರಾಸ್ ಗಾಡಿಯ ರೂಪವೇ ಇದು. ಮನೆ ಪಾಲಾದ ಮೇಲೆ ಹುಟ್ಟಿದ ಕೂಸು ಅನ್ನಿ. ಆಗಿನ ಪೇಟೆಯಲ್ಲಿ ಇಂಥ ಗಾಡಿಗೆ ಗಿರಾಕಿ ಕಮ್ಮಿ. ಶಹರದವರಿಗೆ ಸೀಟು ಎತ್ತರ, 150 ಸಿಸಿಗೆ ಬೇಕಾದ ವೇಗ ಇಲ್ಲ. ಹಳ್ಳಿಯವರಿಗೆ ರೇಟು ಜಾಸ್ತಿ. 2017ರ ಹೊತ್ತಿಗೆ, ಬಿಎಸ್ 4 ನಿಯಮ ಬಂದ ಕಾಲಕ್ಕೆ, ಅದು ನಿಂತುಹೋಯಿತು. 2019ರಲ್ಲಿ ಬಂದ ಎಕ್ಸ್‌ಪಲ್ಸ್ 200 ಆ ಜಾಗ ತುಂಬಿತು.

ನಮ್ಮ ಸಾಫ್ಟ್‌ವೇರಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬರೆದವನು ಬಿಟ್ಟುಹೋದ, ಸಪೋರ್ಟ್ ನಿಂತ ಪ್ರಾಡಕ್ಟ್. ಹಾಗಂತ ಎಲ್ಲಾ ಭಾಗವೂ ಅನಾಥ ಅಲ್ಲ. ಇಂಪಲ್ಸಿನ 149 ಸಿಸಿ ಇಂಜಿನ್ ಹಂಕ್, ಸಿಬಿಝಡ್ ಎಕ್ಸ್‌ಟ್ರೀಮ್ ಗಾಡಿಗಳ ಮನೆತನದ್ದೇ. ಹಾಗಾಗಿ ಇಂಜಿನ್ ಕೆಲಸಕ್ಕೆ ಬೀದರಿನಲ್ಲಿ ಸಾಮಾನು ಹುಡುಕಬಹುದು, ಮಿಸ್ತ್ರಿಗೂ ಕೈ ಅಭ್ಯಾಸ ಇರುತ್ತದೆ. ತೊಂದರೆ ಇರೋದು ಆ ಗಾಡಿಗೆ ಮಾತ್ರ ಸೇರಿದ ಅಂಗಗಳಲ್ಲಿ. ಮುಂದಿನ ಉದ್ದನೆಯ ಫೋರ್ಕ್, ಹಿಂದಿನ ಮೊನೊಶಾಕ್, ಮಡ್‌ಗಾರ್ಡ್, ಪೆಟ್ರೋಲ್ ಟ್ಯಾಂಕಿನ ಪಕ್ಕದ ಪ್ಲಾಸ್ಟಿಕ್. ಅಂದರೆ, ಯಾವ ಅಂಗಗಳಿಗಾಗಿ ಈ ಗಾಡಿ ಬೇಕೋ ಅವೇ ಸಿಗೋದು ಕಷ್ಟ. ಆದ್ದರಿಂದ ಇಂಜಿನ್ ಸ್ವಲ್ಪ ಸೊರಗಿದ್ದರೂ ನಡೆದೀತು, ಶಾಕ್ ಹೋಗಿರುವ ಇಂಪಲ್ಸ್ ತಗೊಳ್ಳಬಾರದು. ಹೆಚ್ಚಿನವರು ನೋಡೋದು ಇದಕ್ಕೆ ಉಲ್ಟಾ.

ಮೂರನೆಯ ಚರಿತ್ರೆ ಗಡಿಯದು. ನನಗೆ ಅತಿ ಹೆಚ್ಚು ಚಿಂತೆ ಹಚ್ಚಿದ್ದು ಇದೇ. 1956ರ ತನಕ ಬೀದರ್ ಅಂದರೆ ಹೈದರಾಬಾದ್ ರಾಜ್ಯದ ದೊಡ್ಡ ಜಿಲ್ಲೆ. ಉದಗೀರ್, ನಿಲಂಗಾ, ಅಹ್ಮದ್‌ಪುರ್, ಜಹೀರಾಬಾದ್, ನಾರಾಯಣಖೇಡ್ ಎಲ್ಲಾ ಅದರೊಳಗೇ. 1956ರ ನವೆಂಬರ್ 1ಕ್ಕೆ ಭಾಷೆಯ ಲೆಕ್ಕದಲ್ಲಿ ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ್ ಕಡೆಯದು ಆಗಿನ ಮುಂಬೈ ರಾಜ್ಯಕ್ಕೆ, ಜಹೀರಾಬಾದ್ ಕಡೆಯದು ಆಂಧ್ರಕ್ಕೆ. ಜನ ಮಾತ್ರ ಪಾಲಾಗಲಿಲ್ಲ. ಇವತ್ತಿಗೂ ಔರಾದಿನವರ ಸೋಯಿರಿಕೆ ಉದಗೀರಿನಲ್ಲಿ, ದನದ ಸಂತೆ ಅಲ್ಲಿ, ಆಸ್ಪತ್ರೆ ಅಲ್ಲಿ. ಜನ ಗಡಿ ದಾಟಿದರೆ ಯಾರೂ ಕಾಗದ ಕೇಳೋದಿಲ್ಲ. ಬೈಕಿಗೆ ಕೇಳುತ್ತಾರೆ.

ಎಂಎಚ್ 24 ಗಾಡಿಯನ್ನು ಕೆಎ 38 ಅಥವಾ ಭಾಲ್ಕಿಯ ಕೆಎ 39 ಮಾಡಬೇಕಾದರೆ ಮೊದಲು ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬೇಕು. ಆಮೇಲೆ ಮಾರಾಟದ ಫಾರ್ಮ್ 29, 30. ಸಾಲದ ಮೇಲೆ ತಗೊಂಡಿದ್ದ ಗಾಡಿ ಆಗಿದ್ದರೆ ಸಾಲ ತೀರಿದ ಕಾಗದ. ಅದರ ಮೇಲೆ ಕರ್ನಾಟಕದ ತೆರಿಗೆ. ‘ಯಾಕ ಬೇಕ್ರಿ ಇಷ್ಟೆಲ್ಲಾ, ಹಂಗೇ ಓಡಿಸ್ರಿ’ ಅಂತ ಮಾರುವವರು ಹೇಳುತ್ತಾರೆ. ಗಡಿಯ ಹಳ್ಳಿಗಳಲ್ಲಿ ಹಾಗೆ ಓಡುವ ಗಾಡಿಗಳು ಬೇಕಾದಷ್ಟಿವೆ. ಆದರೆ ಕಾನೂನಿನ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಗಾಡಿಗೆ ಅಲ್ಲಿನ ನಂಬರ್ ಮಾಡಿಸಲೇಬೇಕು. ಅಪಘಾತವಾದರಂತೂ ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಕಾಗದ ಬದಲಿಸೋದು ಮಾರುವವನಿಗೂ ಒಳ್ಳೆಯದು. ಇದನ್ನು ಅವನಿಗೆ ತಿಳಿಸಿ ಹೇಳಿದರೆ ಎಷ್ಟೋ ಸಲ ಕೆಲಸ ಬೇಗ ಆಗುತ್ತದೆ.

ಇನ್ನೊಂದು ಗಡುವು ಇದೆ. ಸ್ವಂತ ಬಳಕೆಯ ಗಾಡಿಯ ಆರ್‌ಸಿ 15 ವರ್ಷಕ್ಕೆ. 2012ರ ಗಾಡಿಗೆ 2027ರಲ್ಲಿ ಅವಧಿ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ತೋರಿಸಿ ಪಾಸ್ ಮಾಡಿಸಿ 5 ವರ್ಷಕ್ಕೆ ನವೀಕರಿಸಬೇಕು. 300 ರೂಪಾಯಿ ಇದ್ದ ಆ ಫೀ 2022ರ ಏಪ್ರಿಲ್‌ನಿಂದ ಬೈಕಿಗೆ 1,000 ಆಯಿತು. ದುಡ್ಡು ದೊಡ್ಡದಲ್ಲ, ಆದರೆ ಎಂಎಚ್ ನಂಬರಿನಲ್ಲೇ ಉಳಿದ ಗಾಡಿಗೆ ಆ ಓಡಾಟ ಲಾತೂರ್ ಆರ್‌ಟಿಒಗೆ.

ಹಾಗಾದರೆ ನೋಡೋದು ಹೇಗೆ? ಬೆಳಿಗ್ಗೆ ಹೋಗಿ, ಮೊದಲು ಇಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರೋ ಮೊದಲೇ ಯಾರೋ ಸ್ಟಾರ್ಟ್ ಮಾಡಿದ್ದಾರೆ, ಯಾಕೆ ಅಂತ ಕೇಳಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಉಸಿರು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ ಪಡಬಹುದು, ಅದು ಸಣ್ಣ ಖರ್ಚು. ರೇಸ್ ಕೊಟ್ಟಷ್ಟೂ ನೀಲಿ ಹೊಗೆ ಬರ್ತಾನೇ ಇದ್ದರೆ ಪಿಸ್ಟನ್ ರಿಂಗ್, ಬೋರ್ ಕೆಲಸ, ಅದು ದೊಡ್ಡ ಖರ್ಚು. ಮೇಲಿನಿಂದ ಟಿಕಿಟಿಕಿ ಅಂದರೆ ಟ್ಯಾಪೆಟ್ ಸೆಟ್ಟಿಂಗ್ ಇರಬಹುದು, ಪಕ್ಕದಿಂದ ಸರಪಳಿ ಒರೆಸಿದಂತೆ ಸದ್ದಾದರೆ ಟೈಮಿಂಗ್ ಚೈನ್. ಮುಂದಿನ ಬ್ರೇಕ್ ಹಿಡಿದು ಫೋರ್ಕ್ ಒತ್ತಿ, ಕೊಳವೆಯ ಮೇಲೆ ಆಯಿಲ್ ಅಂಟಿದೆಯಾ ನೋಡಿ. ಹಿಂದೆ ಕುಳಿತು ಎದ್ದರೆ ಶಾಕ್ ಒಂದೇ ಸಲ ಮೇಲೆ ಬಂದು ನಿಲ್ಲಬೇಕು, ಕುಣಿಯಬಾರದು. ಏರ್ ಫಿಲ್ಟರ್ ಬಿಚ್ಚಿಸಿ ನೋಡಿ. ಧೂಳಿನಲ್ಲಿ ಓಡಿದ ಗಾಡಿಯ ನಿಜವಾದ ಡೈರಿ ಅದೇ. ಕೊನೆಗೆ ಚೆಸ್ಸಿಸ್ ನಂಬರ್, ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಜತೆ ಅಕ್ಷರ ಅಕ್ಷರ ತಾಳೆ ಹಾಕಿ.

ತಮ್ಮ ಭಾಲ್ಕಿಯ ಒಬ್ಬ ಮಿಸ್ತ್ರಿಯನ್ನು ಕರಕೊಂಡು ಹೋಗಿ ನೋಡಿ ಬಂದ. ಇಂಜಿನ್ ಚೆನ್ನಾಗಿತ್ತು, ಬರೀ ಟ್ಯಾಪೆಟ್ ಸದ್ದು. ಮುಂದಿನ ಫೋರ್ಕಿನ ಒಂದು ಕಾಲು ಸೋರುತ್ತಿತ್ತು. ಹಿಂದಿನ ಶಾಕ್ ಸತ್ತಿತ್ತು. ಆರ್‌ಸಿ ಮೂರನೆಯ ವ್ಯಕ್ತಿಯ ಹೆಸರಿನಲ್ಲಿತ್ತು, ಅವನು ಈಗ ಪುಣೆಯಲ್ಲಿ. ನನ್ನ ಉತ್ತರ ಸರಳವಾಯಿತು. ಈ ಜಾತಿಯ ಗಾಡಿ ತಗೋ, ಈ ಗಾಡಿ ಬೇಡ. ಕೆಎ ನಂಬರಿನ, ಆರ್‌ಸಿಯಲ್ಲಿ ಹೆಸರಿರುವ ಮಾಲೀಕನೇ ಎದುರು ನಿಂತು ಸಹಿ ಮಾಡುವ ಇಂಪಲ್ಸ್ ಸಿಕ್ಕರೆ ಸರಿ. ಸಿಗದಿದ್ದರೆ ಇನ್ನೊಂದು ಹಂಗಾಮು ಕಾದು, ಸಾಮಾನು ಸಿಗುವ ಹಳೇ ಎಕ್ಸ್‌ಪಲ್ಸ್ ನೋಡು. ‘ಅಲ್ಲೀತನಕ ಹಾಲು?’ ಅಂದ. ಅದಕ್ಕೆ ನನ್ನ ಹತ್ತಿರ ಜಾಣ ಉತ್ತರ ಇರಲಿಲ್ಲ. ಸ್ಪ್ಲೆಂಡರಿನ ಮುಂದಿನ ಮಡ್‌ಗಾರ್ಡನ್ನು ಮಳೆಗಾಲದ ಮಟ್ಟಿಗೆ ಮೇಲಕ್ಕೆ ಎತ್ತಿ ಕಟ್ಟಿಕೊಡುವುದಾಗಿ ಮಿಸ್ತ್ರಿ ಹೇಳಿದ್ದಾನೆ. ಸದ್ಯಕ್ಕೆ ಅದೇ.

ಗಾಡಿ ಕೊಳ್ಳುವುದು ಇತಿಹಾಸದ ಪಾಠ ಅಂತ ಯಾರೂ ಶಾಲೆಯಲ್ಲಿ ಹೇಳಿಕೊಡಲಿಲ್ಲ. ಆದರೆ ಒಟ್ಟೊನ ಲೆಕ್ಕ, ಎರಡು ಕಂಪನಿಗಳ ಪಾಲು, 1956ರ ಗೆರೆ, ಮೂರೂ ಒಂದೇ ಹಳೇ ಬೈಕಿನ ಸೀಟಿನ ಮೇಲೆ ಬಂದು ಕೂರುತ್ತವೆ. ದುಡ್ಡು ಎಣಿಸುವ ಮೊದಲು ಅವರನ್ನು ಮಾತಾಡಿಸಿ. ಎವರೇಜ್ ಆಮೇಲೆ ಕೇಳಿದರೂ ನಡೆಯುತ್ತದೆ.