ಘಾಟಿಯ ನಾಗರಕಲ್ಲು, ರಾಮನಗರದ ಮಣಿಸರ: ಗರ್ಭಧಾರಣೆಯ ದಿನಗಣನೆ ಮತ್ತು ಅದರ ಆತಂಕ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವು ಸಂತಾನ ಬಯಸುವ ದಂಪತಿಗಳು ಹರಕೆ ಹೊತ್ತು ಬಂದು ನಾಗಪ್ರತಿಷ್ಠೆ ಮಾಡಿಸುವ ಸ್ಥಳವಾಗಿ ಹೆಸರಾಗಿದ್ದು, ಅಲ್ಲಿ ಸಾಲುಗಟ್ಟಿ ನಿಂತಿರುವ ನಾಗರಕಲ್ಲುಗಳಲ್ಲಿ ಎಷ್ಟೋ ಮನೆಗಳ ಹಂಬಲ ದಾಖಲಾಗಿದೆ. ಈ ಹರಕೆಯ ಜೊತೆಗೆ ಈಗ ಮೊಬೈಲ್ ಆಪ್, ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿ, ಅಂಡದ ಬೆಳವಣಿಗೆಯನ್ನು ದಿನ ಬಿಟ್ಟು ದಿನ ಅಳೆಯುವ ಸ್ಕ್ಯಾನಿಂಗ್ ಸೇರಿಕೊಂಡಿವೆ. ಆದರೆ ದಿನ ಎಣಿಸುವ ಸಾಧನಗಳು ಹೆಚ್ಚಿದಂತೆ ಎಣಿಸುವ ಹೊಣೆ ಮತ್ತು ತಪ್ಪಿದರೆ ಹೊರಬೇಕಾದ ದೂರು ಹೆಣ್ಣೊಬ್ಬಳ ಮೇಲೆಯೇ ಬೀಳುತ್ತಿರುವುದನ್ನು ಈ ಲೇಖನ ಪರಿಶೀಲಿಸುತ್ತದೆ.

ಅಂಡಾಶಯದಿಂದ ಬಲಿತ ಅಂಡವೊಂದು ಹೊರಬರುವ ಕ್ರಿಯೆಯನ್ನು ಅಂಡೋತ್ಪತ್ತಿ ಅಥವಾ ಅಂಡವಿಸರ್ಜನೆ ಎನ್ನುತ್ತಾರೆ. ಹೊರಬಂದ ಅಂಡವು ಹೆಚ್ಚೆಂದರೆ ಒಂದು ದಿನ ಉಳಿಯುತ್ತದೆ, ವೀರ್ಯಾಣುವಾದರೋ ಸ್ತ್ರೀದೇಹದೊಳಗೆ ಐದು ದಿನಗಳವರೆಗೂ ಬದುಕಬಲ್ಲದು. ಋತುಚಕ್ರದಲ್ಲಿ ಅಂಡೋತ್ಪತ್ತಿಗೆ ಹಿಂದಿನ ಅವಧಿ ಹೆಣ್ಣಿನಿಂದ ಹೆಣ್ಣಿಗೆ, ತಿಂಗಳಿನಿಂದ ತಿಂಗಳಿಗೆ ಬಹಳ ವ್ಯತ್ಯಾಸವಾಗುತ್ತದೆ. ಅನಂತರದ ಅವಧಿ ಮಾತ್ರ ಹೆಚ್ಚುಕಡಿಮೆ ಎರಡು ವಾರ. ಜಪಾನಿನ ವೈದ್ಯ ಕ್ಯೂಸಾಕು ಒಗಿನೊ 1924ರಲ್ಲಿ ಪ್ರಕಟಿಸಿದ ಸಂಶೋಧನೆಯ ತಿರುಳು ಇದೇ ಆಗಿದ್ದು, ಅಂಡೋತ್ಪತ್ತಿಯನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕೇ ಹೊರತು ಹಿಂದಿನ ಮುಟ್ಟಿನಿಂದ ಮುಂದಕ್ಕಲ್ಲ. ಆದ್ದರಿಂದ 35 ದಿನಗಳ ಚಕ್ರವುಳ್ಳವಳಿಗೆ ‘ಹದಿನಾಲ್ಕನೆಯ ದಿನ’ ಎಂಬ ಜನಪ್ರಿಯ ಸೂತ್ರ ಒಂದು ವಾರದಷ್ಟು ತಪ್ಪುತ್ತದೆ. ಮುಂದಿನ ಮುಟ್ಟು ಬರುವ ಮೊದಲು ಅದರಿಂದ ಹಿಂದಕ್ಕೆ ಎಣಿಸುವುದಾದರೂ ಹೇಗೆ? ದಿನಗಣನೆಯ ಆತಂಕಕ್ಕೆ ಮೂಲ ಈ ತೊಡಕಿನಲ್ಲಿದೆ.

ಸುಶ್ರುತಸಂಹಿತೆಯ ಶಾರೀರಸ್ಥಾನವು ಗರ್ಭಕ್ಕೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕರ ಕೂಟ ಬೇಕೆಂದು ಹೇಳಿ, ಋತುಕಾಲವನ್ನು ಹನ್ನೆರಡು ರಾತ್ರಿಗಳೆಂದು ಗುರುತಿಸುತ್ತದೆ. ಅದರ ಎಣಿಕೆ ಇಂದಿನ ಶರೀರಕ್ರಿಯಾವಿಜ್ಞಾನದೊಂದಿಗೆ ಪೂರ್ಣ ಹೊಂದುವುದಿಲ್ಲವಾದರೂ, ಒಂದು ದಿನದ ಬದಲು ಒಂದು ಅವಧಿಯನ್ನು ಹೇಳಿದ್ದು ಗಮನಾರ್ಹ.

ಗರ್ಭ ನಿಲ್ಲುವ ದಿನಗಳ ಎಣಿಕೆ ಕನ್ನಡನಾಡಿನ ಹಳ್ಳಿಮನೆಗಳಿಗೆ ಸರ್ಕಾರದ ಮೂಲಕ ಬಂದದ್ದು ತದ್ವಿರುದ್ಧವಾದ ಉದ್ದೇಶಕ್ಕೆ. ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು 1951ರಲ್ಲಿ ಡಾ. ಅಬ್ರಹಾಂ ಸ್ಟೋನ್ ಅವರನ್ನು ಭಾರತಕ್ಕೆ ಕಳುಹಿಸಿತು. ದೆಹಲಿಯ ಲೋದಿ ಕಾಲೊನಿಯೊಂದಿಗೆ ಮೈಸೂರು ರಾಜ್ಯದ ರಾಮನಗರವೂ ‘ಸುರಕ್ಷಿತ ದಿನ’ಗಳ ಲೆಕ್ಕದಿಂದ ಗರ್ಭ ತಡೆಯುವ ಪ್ರಯೋಗಕ್ಕೆ ಆಯ್ಕೆಯಾಯಿತು. ಓದುಬರಹವಿಲ್ಲದವರಿಗೆ ಲೆಕ್ಕ ತಪ್ಪದಿರಲೆಂದು ಬಣ್ಣದ ಮಣಿಗಳ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸುವಂತೆ ಹೇಳಲಾಯಿತು. ವಿಧಾನ ಹೆಚ್ಚು ಕಾಲ ನಿಲ್ಲಲಿಲ್ಲ. ಅನಿಯಮಿತ ಚಕ್ರಕ್ಕೆ ಸ್ಥಿರವಾದ ಮಣಿಸಂಖ್ಯೆ ಹೊಂದುವುದು ಸಾಧ್ಯವೇ ಇರಲಿಲ್ಲ. ಗರ್ಭ ಬೇಡವೆಂದವಳು ತಪ್ಪಿಸಬೇಕಾಗಿದ್ದ ದಿನಗಳನ್ನೇ ಗರ್ಭ ಬೇಕೆನ್ನುವವಳು ಹುಡುಕುತ್ತಾಳೆ. ಮಣಿಸರ ತೋರಿದ ಮಿತಿ ಆಪ್‌ಗೂ ಅನ್ವಯಿಸುತ್ತದೆ, ಏಕೆಂದರೆ ಹಿಂದಿನ ತಿಂಗಳುಗಳ ಸರಾಸರಿಯನ್ನಷ್ಟೇ ನಂಬುವ ಆಪ್ ಈ ತಿಂಗಳ ಅಂಡಾಶಯವನ್ನು ಕಂಡಿರುವುದಿಲ್ಲ. ಅಂಡೋತ್ಪತ್ತಿಗೆ ಸುಮಾರು 24ರಿಂದ 36 ಗಂಟೆ ಮೊದಲು ಏರುವ ಎಲ್‌ಎಚ್ ಹಾರ್ಮೋನನ್ನು ಪರೀಕ್ಷಾ ಪಟ್ಟಿ ಗುರುತಿಸುತ್ತದೆಯಾದರೂ, ಪಿಸಿಓಡಿ ಎಂದು ಎಲ್ಲರ ಬಾಯಲ್ಲಿರುವ ತೊಂದರೆಯಲ್ಲಿ ಆ ಹಾರ್ಮೋನು ಹಲವು ದಿನ ಮೇಲೇ ಇರುವುದುಂಟಾದ್ದರಿಂದ ಪಟ್ಟಿ ಹುಸಿ ಭರವಸೆ ಕೊಡಬಹುದು. ಬೆಳಗಿನ ದೇಹತಾಪವಾದರೋ ಅಂಡ ಹೊರಬಂದ ಮೇಲಷ್ಟೇ ಏರುತ್ತದೆ.

ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಮಹಿಳೆಯರನ್ನು ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದಂತೆ, ಅಂಡೋತ್ಪತ್ತಿಯ ದಿನಕ್ಕೆ ಮುಗಿಯುವ ಆರು ದಿನಗಳಲ್ಲಿ ಕೂಡಿದವರಿಗಷ್ಟೇ ಗರ್ಭ ನಿಂತಿತು. ಅಂಡೋತ್ಪತ್ತಿಯ ದಿನದಲ್ಲಿಯೂ ಸಾಧ್ಯತೆ ಮೂರರಲ್ಲಿ ಒಂದರಷ್ಟಿತ್ತು. ದಿನ ಸರಿಯಾಗಿ ಹಿಡಿದವರಲ್ಲಿಯೂ ಬಹುಪಾಲು ಮಂದಿಗೆ ಆ ತಿಂಗಳು ಮುಟ್ಟು ಬರುವುದೇ ಸಹಜವೆಂಬುದನ್ನು ಪ್ರತಿ ಚಿಕಿತ್ಸಾಲಯದಲ್ಲಿಯೂ ಮೊದಲ ಮಾತಾಗಿ ಹೇಳಬೇಕಾಗಿದೆ. ಮದುವೆಯಾದ ಆರೇಳು ತಿಂಗಳಿಗೇ ‘ಏನಾದರೂ ವಿಶೇಷವಾ?’ ಎಂದು ಕೇಳುವ ಬಂಧುಗಳಿಗೂ ಇದು ತಿಳಿದಿರಬೇಕು. ‘ಚಿಂತೆ ಬಿಡು, ತಾನಾಗಿ ನಿಲ್ಲುತ್ತೆ’ ಎಂಬ ಸಮಾಧಾನವೂ ನಿರಪಾಯಕಾರಿಯಲ್ಲ. ಅದು ಚಿಂತಿಸುವವಳನ್ನೇ ಕಾರಣವಾಗಿಸುತ್ತದೆ. ತೀವ್ರ ಒತ್ತಡ, ಅತಿಯಾದ ತೂಕ ಇಳಿಕೆಗಳು ಅಂಡೋತ್ಪತ್ತಿಯನ್ನು ನಿಲ್ಲಿಸಬಲ್ಲವು ನಿಜ. ಆದರೆ ಪ್ರನಾಳ ಶಿಶು ಮೊದಲಾದ ಚಿಕಿತ್ಸೆ ಪಡೆದ 3,500ಕ್ಕೂ ಹೆಚ್ಚು ಮಹಿಳೆಯರನ್ನೊಳಗೊಂಡ 14 ಅಧ್ಯಯನಗಳನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆಗೆ ಮುಂಚಿನ ಮನೋವ್ಯಥೆಯು ಗರ್ಭ ನಿಲ್ಲುವ ಸಾಧ್ಯತೆಯನ್ನು ತಗ್ಗಿಸಿದ್ದು ಕಂಡುಬರಲಿಲ್ಲ.

ನಾಗಪ್ರತಿಷ್ಠೆಯ ವಿಧಿಗೆ ದಂಪತಿಗಳು ಜೊತೆಯಾಗಿ ಕೂರುತ್ತಾರೆ. ಆಸ್ಪತ್ರೆಯ ಹಾದಿಯಲ್ಲಿ ಈ ಜೊತೆ ಅನೇಕ ವೇಳೆ ತಪ್ಪಿಹೋಗಿ, ಹೆಂಡತಿಗೆ ತಿಂಗಳುಗಟ್ಟಲೆ ಸ್ಕ್ಯಾನಿಂಗ್, ಮಾತ್ರೆಗಳು ನಡೆದ ಮೇಲೆ ಗಂಡನ ವೀರ್ಯಪರೀಕ್ಷೆಯ ಮಾತು ಬರುತ್ತದೆ. ಗರ್ಭನಿರೋಧಕ ಬಳಸದೆ 12 ತಿಂಗಳು ನಿಯಮಿತವಾಗಿ ಕೂಡಿಯೂ ಗರ್ಭ ನಿಲ್ಲದಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬಂಜೆತನವೆಂದು ವ್ಯಾಖ್ಯಾನಿಸುತ್ತದೆ. ಅದರ ಕಾರಣ ಗಂಡಿನಲ್ಲಿಯೂ ಇರಬಹುದು, ಇಬ್ಬರಲ್ಲಿಯೂ ಇರಬಹುದು. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಮುಟ್ಟು ಬಹಳ ಏರುಪೇರಾಗಿದ್ದರೆ ಇನ್ನೂ ಮೊದಲೇ ವೈದ್ಯರನ್ನು ಕಾಣುವುದು ಸೂಕ್ತ. ಅಲ್ಲಿಗೆ ಹೋಗುವ ಮೊದಲ ದಿನವೇ ಗಂಡನೂ ಜೊತೆಗಿದ್ದು, ಸರಳವೂ ಹೆಚ್ಚು ಖರ್ಚಿಲ್ಲದ್ದೂ ನೋವಿಲ್ಲದ್ದೂ ಆದ ವೀರ್ಯಪರೀಕ್ಷೆಗೆ ಹೆಸರು ಬರೆಸಬೇಕು.